ನನಗೂ ಊನ ಐತಿ

ಜನರಿಗೆ ಬಂಗಾರ ಕಂಡರೆ ಹೊಟ್ಟೆಕಿಚ್ಚು ಬರುತ್ತದೆ, ರೇಷ್ಮೆ ಸೀರೆ ಕಂಡರೆ ಬರುತ್ತದೆ, ಪಕ್ಕದ ಮನೆಯ ಸೊಸೆ ಜಾಣೆಯಾದರಂತೂ ಬಂದೇ ಬರುತ್ತದೆ. ನನಗೆ ಮೊಟ್ಟಮೊದಲು ಬಂದದ್ದು ಬೆಳಗಿನ ಬಿಸಿಲಿನ ಮೇಲೆ. ಆಗ ನನಗೆ ಹತ್ತು ವರ್ಷ, ತಂಗಿ ಪದ್ದಿಗೆ ನಾಲ್ಕು. ಮಿರಜಿನ ಇಕ್ಕಟ್ಟಾದ ಓಣಿಯೊಂದರಲ್ಲಿ ನಮ್ಮ ಮನೆ. ಒಂದರ ಹಿಂದೊಂದು ಮೂರು ಕೋಣೆ: ಮುಂದೆ ಪಡಸಾಲೆ, ನಡುವೆ ಹಗಲಲ್ಲೂ ದೀಪ ಬೇಡುವ ಕೋಣೆ, ಹಿಂದೆ ಅಡಿಗೆಮನೆ. ಬಾಗಿಲು ಪೂರ್ವಕ್ಕಿತ್ತು. ಎದುರಿಗೆ ಒಂದು ಕಟ್ಟಿಗೆ ಅಡ್ಡೆ. ಅಲ್ಲಿ ಸೌದೆ ಎಷ್ಟು ಒಟ್ಟಿದರೂ ಆಳೆತ್ತರ ದಾಟುತ್ತಿರಲಿಲ್ಲ. ಹೀಗಾಗಿ ಹೊತ್ತು ಹುಟ್ಟಿದ ಸ್ವಲ್ಪ ಹೊತ್ತಿಗೆಲ್ಲ ಬಿಸಿಲು ನೇರ ಒಳಗೆ ಬಂದು ಪಡಸಾಲೆಯ ಒಳಗೋಡೆಯ ಮೇಲೆ ಬಾಗಿಲಷ್ಟೇ ಅಗಲವಾಗಿ ನಿಲ್ಲುತ್ತಿತ್ತು. ಆ ಗೋಡೆಗೆ ಬೆನ್ನು ಕೊಟ್ಟು ಅಪ್ಪ ಪೇಪರು ಓದುತ್ತಿದ್ದರು, ಅವರ ಎಡಗೈಗೆ ತಾಗಿಕೊಂಡು ನಾನು. ಅಪ್ಪ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಲೇತ್ ಕಾರ್ಖಾನೆಯಲ್ಲಿ ಮೇಸ್ತ್ರಿ. ಎಂಟೂವರೆಗೆ ಹೊರಟರೆ ನಾವು ಉಂಡಾದ ಮೇಲೆಯೇ ಬರುತ್ತಿದ್ದರು. ಅವರು ಮಾತಿನ ಮನುಷ್ಯರಲ್ಲ. ಆ ಅರ್ಧ ತಾಸಿನಲ್ಲಿ ನನ್ನ ಜೊತೆಗೂ ಮಾತಾಡುತ್ತಿರಲಿಲ್ಲ. ಆದರೂ ಅದು ನನ್ನ ಅರ್ಧ ತಾಸು, ಅದರಲ್ಲಿ ಬೇರೆ ಯಾರಿಗೂ ಪಾಲಿರಲಿಲ್ಲ.

ಆ ಬಿಸಿಲಿಗೆ ಇನ್ನೊಬ್ಬ ಗಿರಾಕಿಯೂ ಇದ್ದಳು, ಅಪ್ಪನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ಹಾಗಾಗಿ ಶಾಲೆಯ ಗೆಳತಿಯರು ನನ್ನ ತಾಯಿ ಅಷ್ಟು ಮುದುಕಿಯೇ ಎಂದು ಬೆರಗಾಗುತ್ತಿದ್ದರು. ನಮ್ಮ ಮನೆಯಲ್ಲಿ ಎರಡು ಭಾಷೆಗಳು ಹೀಗೆ ಒಂದರ ಕಾಲನ್ನೊಂದು ತುಳಿಯುತ್ತಲೇ ಓಡಾಡುತ್ತಿದ್ದವು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆಯಿಯದು ಅದರ ಮೇಲೆ ಇನ್ನೊಂದು ವ್ರತ: ಹೊತ್ತು ಹುಟ್ಟಿ ಎರಡು ಗಳಿಗೆ ಕಳೆಯುವ ತನಕ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಅವಳ ಎರಡು ಗಳಿಗೆಯ ಅಳತೆ ನಮ್ಮ ಪಡಸಾಲೆಯ ಗೋಡೆ. ಬಿಸಿಲಿನ ಮೇಲಂಚು ನಿಧಾನವಾಗಿ ಇಳಿಯುತ್ತ ದೀಪವಿಡುವ ಮಾಡಕ್ಕೆ ಬಂದು ಮುಟ್ಟಿದರೆ ಅವಳ ಪಾಲಿಗೆ ಬೆಳಗಾಯಿತು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಆದ್ದರಿಂದ ಅದನ್ನು ನೋಡಿ ಹೇಳುವ ಕೆಲಸ ನನ್ನದು.

"ಆಯೀ, ಮಾಡಕ್ಕ ಬಂತ್ರಿ!"

"ಬಂತ? ಬಾ ಹಂಗಾರ."

ಆಯಿ ಚಹಾವನ್ನು ಬಸಿಗೆ ಸುರುವಿ, ಊದಿ, ಮೊದಲ ಬಸಿಯನ್ನು ನನ್ನ ಬಾಯಿಗೆ ಹಿಡಿಯುತ್ತಿದ್ದಳು. ಬಿಸಿಲು ಹೇಳಿದವರಿಗೆ ಮೊದಲ ಬಸಿ ಎನ್ನುವುದು ಅವಳ ಕಾಯ್ದೆ. ಪದ್ದಿ ಆಗ ಒಳಗೆ ಮಲಗಿರುತ್ತಿದ್ದಳು. ಅವಳು ಏಳುವ ಹೊತ್ತಿಗೆ ಬಿಸಿಲೂ ಚಹಾವೂ ಎರಡೂ ಮುಗಿದಿರುತ್ತಿದ್ದವು. ನನಗೆ ಅದರ ಬಗ್ಗೆ ಎಳ್ಳಷ್ಟೂ ಮರುಕವಿರಲಿಲ್ಲ.

ದೇಶದ ಬಾಗಿಲು ತೆರೆಯಿತು ಎಂದು ಅಪ್ಪನ ಪೇಪರಿನಲ್ಲಿ ಬರುತ್ತಿದ್ದ ವರ್ಷಗಳವು. ನಮ್ಮ ಬಾಗಿಲು ಮಾತ್ರ ಮುಚ್ಚಿದ ಹಾಗಾಯಿತು. ಕಟ್ಟಿಗೆ ಅಡ್ಡೆಯವನು ಜಾಗ ಮಾರಿದ. ನೋಡನೋಡುತ್ತ ಅಲ್ಲಿ ಮೂರು ಮಾಳಿಗೆಯ ಕಾಂಪ್ಲೆಕ್ಸ್ ಎದ್ದಿತು. ಕೆಳಗೆ ಎಸ್‌ಟಿಡಿ ಬೂತು, ಟೀವಿ ಅಂಗಡಿ, ಮೇಲೆ ಬಾಡಿಗೆಯವರು. ಓಣಿಯವರೆಲ್ಲ ಅದನ್ನು ತಮ್ಮದೇ ಎನ್ನುವಂತೆ ತಲೆಯೆತ್ತಿ ನೋಡಿ ಖುಷಿಪಟ್ಟರು, ನಾನೂ ಪಟ್ಟೆ. ಎರಡನೇ ಮಾಳಿಗೆಯ ಗೋಡೆ ಎದ್ದ ಮರುದಿನ ಗೊತ್ತಾಯಿತು, ಬಿಸಿಲು ಬರಲಿಲ್ಲ. ಏಳಾಯಿತು, ಎಂಟಾಯಿತು, ಗೋಡೆ ಹಾಗೇ ಮಸುಕಾಗಿತ್ತು. ಕೊನೆಗೆ ಹನ್ನೊಂದಕ್ಕೆ ಸೂರ್ಯ ಆ ಕಟ್ಟಡದ ನೆತ್ತಿ ದಾಟಿದಾಗ ಹೊಸ್ತಿಲಿನ ಮೇಲೆ ಒಂದು ಗೇಣು ಬಿಸಿಲು ಬಿತ್ತು. ಆಯಿ ಅಲ್ಲಿಯ ತನಕ ಹನಿ ನೀರು ಮುಟ್ಟದೆ ಕೂತಿದ್ದಳು.

"ಗಡಿಯಾರ ನೋಡ್ರಿ ಅತ್ತಿ, ಎಂದೋ ಎಂಟ ಹೊಡೀತು. ಒಂದ ಗುಟಕ ಚಹಾ ತಗೋರಿ," ಎಂದು ಅವ್ವ ಅಂಗಲಾಚಿದಳು.

"ಗಡಿಯಾರಕ್ಕ ಕೀಲಿ ಕೊಡಾಂವ ನನ್ನ ಮಗಾ. ಸೂರ್ಯಾಗ ಯಾರ ಕೀಲಿ ಕೊಡ್ತಾರ?"

ನಾಲ್ಕೈದು ದಿನ ಹೀಗೇ ನಡೆದ ಮೇಲೆ ಅಪ್ಪ ಒಂದು ರಾಜಿ ಮಾಡಿದರು. ಯಾರಾದರೂ ಊರ ಹೊರಗೆ ಹೋಗಿ, ಬಿಸಿಲನ್ನು ಕಣ್ಣಾರೆ ಕಂಡು, ಬಂದು ಹೇಳಿದರೆ ನಂಬುತ್ತೇನೆ ಎಂದು ಆಯಿ ಒಪ್ಪಿದಳು. ಹೋಗುವವರು ಅಪ್ಪ ಎಂದಾಯಿತು. ಅಪ್ಪನ ಜೊತೆ ನಾನು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಪದ್ದಿಯ ಕಾಲು ನಡುವೆ ಬಂತು.

ಪದ್ದಿಯ ಕಾಲುಗಳು ಮೊಳಕಾಲಿನ ಹತ್ತಿರ ಬಾಗಿದ್ದವು. ನಡೆದರೆ ಎರಡು ಹೆಜ್ಜೆಗೊಮ್ಮೆ ಎಡವುತ್ತಿದ್ದಳು, ನಡುರಾತ್ರಿ ಕಾಲು ನೋವು ಎಂದು ಅಳುತ್ತಿದ್ದಳು. ಅವ್ವ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಅವ್ವ ಜಮಖಂಡಿ ಕಡೆಯವಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳ ಮರಾಠಿ ಕಾಯಿಪಲ್ಯದ ಬಜಾರು ದಾಟಿರಲಿಲ್ಲ. ಡಾಕ್ಟರು ಪದ್ದಿಯ ಕಾಲು ಒತ್ತಿ ನೋಡಿ ಮರಾಠಿಯಲ್ಲಿ "ಹಿಲಾ ಊನ ಪಾಹಿಜೇ" ಎಂದರಂತೆ. ಮರಾಠಿಯಲ್ಲಿ ಊನ ಎಂದರೆ ಬಿಸಿಲು. ಮಗುವಿಗೆ ಬಿಸಿಲು ಬೇಕು ಎಂದಷ್ಟೇ ಅವರು ಹೇಳಿದ್ದು. ಆದರೆ ಮಗಳ ಬಾಗಿದ ಕಾಲು ಕೈಯಲ್ಲಿ ಹಿಡಿದು ಕೂತ ತಾಯಿಗೆ ಆ ಮಾತು ಕನ್ನಡದಲ್ಲೇ ಕೇಳಿಸಿತು. ಟಾಂಗಾದ ತುಂಬ ಅತ್ತುಕೊಂಡೇ ಮನೆಗೆ ಬಂದಳು.

"ರೀ, ಕೂಸಿಗೆ ಊನ ಐತಂತ್ರಿ! ಡಾಕ್ಟರ್ ಮೂರ ಸಲಾ ಅಂದ್ರು, ಊನ, ಊನ ಅಂತ."

ಅಪ್ಪ ಚೀಟಿ ಓದಿದರು. ಆಮೇಲೆ ನಾನು ಎಂದೂ ಕೇಳಿರದಷ್ಟು ಜೋರಾಗಿ ನಕ್ಕರು.

"ಹುಚ್ಚಿ, ಊನ ಅಂದ್ರ ಬಿಸಿಲ! ಅಕಿಗೆ ಬಿಸಿಲ ಕಡಿಮಿ ಆಗೇತಿ. ದಿನಾ ಮುಂಜಾನೆ ಕಾಲ ಮ್ಯಾಲ ಬಿಸಿಲ ಬೀಳಬೇಕು, ನಡಿಸಬೇಕು ಅಂತ ಬರದಾರ."

ಅವ್ವ ಅಳುತ್ತಲೇ ನಕ್ಕಳು, ಆಯಿ ನಕ್ಕಳು, ಏನೂ ತಿಳಿಯದ ಪದ್ದಿಯೂ ಚಪ್ಪಾಳೆ ತಟ್ಟಿ ನಕ್ಕಳು. ನಾನು ನಗಲಿಲ್ಲ. ನನಗೆ ಮುಂದಿನದು ಕಾಣಿಸುತ್ತಿತ್ತು. ಮರುದಿನದಿಂದ ಅಪ್ಪ ಪದ್ದಿಯ ಕೈಹಿಡಿದು ಹೊರಟರು.

"ನಾನೂ ಬರ್ತೇನ್ರಿ," ಎಂದೆ.

"ನೀ ಹೋದ್ರ ನಳಾ ಯಾರ ಹಿಡೀಬೇಕು?" ಎಂದು ಅವ್ವ ಕೇಳಿದಳು.

ನಗರಸಭೆಯ ನಳ ಆರರಿಂದ ಏಳರ ತನಕ ಮಾತ್ರ ಬರುತ್ತಿತ್ತು. ಅವ್ವ ತುಂಬಿದ ಕೊಡ ಹೊತ್ತು ಮನೆಗೆ ಹೋಗಿ ಸುರುವಿ ಬರುವ ತನಕ ಸರದಿಯಲ್ಲಿ ನಿಂತು ಕೊಡ ಕಾಯುವವಳು ನಾನು. ನೆಟ್ಟಗಿನ ಕಾಲು ಇದ್ದವಳಿಗೆ ನಳ, ಸೊಟ್ಟ ಕಾಲು ಇದ್ದವಳಿಗೆ ಬಿಸಿಲು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವ ಮಾತಿನ ಅರ್ಥ ನನಗೆ ಆ ನಳದ ಕಟ್ಟೆಯ ಮೇಲೆ ತಿಳಿಯಿತು. ಅಪ್ಪ, ಪದ್ದಿ ಇಬ್ಬರೂ ಓಣಿ ದಾಟಿ, ಪೂರ್ವಕ್ಕೆ ಖಂಡೇರಾಜುರಿ ಹಳ್ಳಿಯ ದಾರಿ ಹಿಡಿದು, ಮನೆಗಳು ಮುಗಿದು ಹೊಲ ಕಾಣುವ ತನಕ ಹೋಗುತ್ತಿದ್ದರು. ಏಳೂವರೆಗೆ ತಿರುಗಿ ಬರುವಾಗ ಪದ್ದಿಯ ಕೈಯಲ್ಲಿ ಒಮ್ಮೆ ಹಸಿಕಡಲೆಯ ಗಿಡ, ಒಮ್ಮೆ ಜೋಳದ ತೆನೆ. ಮೈಯಿಂದ ಬೆಚ್ಚಗಿನ ಮಣ್ಣಿನ ವಾಸನೆ. ಹೊಸ್ತಿಲಲ್ಲಿ ನಿಂತು ಅವಳು ಬಿಸಿಲು ಬಂತು ಎಂದು ಮರಾಠಿಯಲ್ಲಿ ಕೂಗುತ್ತಿದ್ದಳು:

"ಆಯೀ, ಊನ ಆಲಂ!"

ಮೊದಲ ಬಸಿ ಅವಳ ಬಾಯಿಗೆ ಹೋಗುತ್ತಿತ್ತು. ನಾನು ಒದ್ದೆಯಾದ ಲಂಗ, ನಮ್ಮ ಕಡೆಯ ಪರಕಾರ, ಹಿಂಡುತ್ತ ನಿಂತು ನೋಡುತ್ತಿದ್ದೆ.

ಬಿಸಿಲು ಅವಳಿಗೆ ಒಗ್ಗಿತು ಎನ್ನುವುದನ್ನು ನಾನೂ ಅಲ್ಲಗಳೆಯಲಾರೆ. ಡಾಕ್ಟರು ಕೊಟ್ಟ ಹನಿ ಔಷಧವೂ ಇತ್ತು, ಆಯಿ ದಿನಾ ಮಧ್ಯಾಹ್ನ ತಿಕ್ಕುವ ಎಳ್ಳೆಣ್ಣೆಯೂ ಇತ್ತು. ಮಳೆಗಾಲ ಮುಗಿದು ಚಳಿ ಬೀಳುವಷ್ಟರಲ್ಲಿ ಪದ್ದಿ ಎಡವುವುದು ಕಡಿಮೆಯಾಗಿತ್ತು. ರಾತ್ರಿ ಅಳುತ್ತಿರಲಿಲ್ಲ, ಅರ್ಧ ಭಕ್ಕರಿ ತಿನ್ನುತ್ತಿದ್ದವಳು ಒಂದೂವರೆ ತಿನ್ನುತ್ತಿದ್ದಳು. ಅಪ್ಪನೂ ಬದಲಾದರು. ಕಾರ್ಖಾನೆಗೆ ಹೊಸ ಹೊಸ ಆರ್ಡರು ಬರುತ್ತಿದ್ದ ಕಾಲ ಅದು, ರವಿವಾರವೂ ಕರೆಸುತ್ತಿದ್ದರು. ಮೊದಲಾಗಿದ್ದರೆ ಸಿಡಿಮಿಡಿ ಮಾಡುತ್ತಿದ್ದ ಮನುಷ್ಯ, ಈಗ ಸ್ನಾನ ಮಾಡುವಾಗ ಏನೋ ಗುನುಗುತ್ತಿದ್ದರು. ಮನೆಗೆ ಬಂದ ಒಳ್ಳೆಯದೆಲ್ಲ ನನ್ನ ಪಾಲಿನಿಂದ ಕಿತ್ತು ತಂದದ್ದು ಎಂದೇ ನನಗನಿಸುತ್ತಿತ್ತು. ಪದ್ದಿಯ ಕೆನ್ನೆ ಕೆಂಪಾದಷ್ಟೂ ನನಗೆ ಉರಿಯುತ್ತಿತ್ತು.

ಒಂದು ದಿನ ತಡೆಯಲಾಗದೆ ಕೊಡವನ್ನು ಸರದಿಯಲ್ಲಿ ಬಿಟ್ಟು ಅವರ ಹಿಂದೆ ಹೋದೆ. ಊರ ಹೊರಗೆ ಹೊಲಗಳಲ್ಲಿ ಅಲ್ಲಲ್ಲಿ ಸುಣ್ಣ ಬಳಿದ ಪ್ಲಾಟಿನ ಕಲ್ಲುಗಳು ನಿಂತಿದ್ದವು. ಒಂದು ಬೇವಿನ ಗಿಡದ ಮರೆಯಲ್ಲಿ ನಿಂತೆ. ಅಪ್ಪ ಮತ್ತು ಪದ್ದಿ ಆಗಲೇ ಮನೆಯ ಕಡೆ ತಿರುಗಿದ್ದರು. ಸೂರ್ಯ ಬೆನ್ನಿಗಿದ್ದ, ನೆರಳು ಮುಂದೆ ಬಿದ್ದಿತ್ತು, ಅಪ್ಪನ ನೆರಳಂತೂ ಇಪ್ಪತ್ತು ಅಡಿ ಉದ್ದ. ಪದ್ದಿ ಆ ನೆರಳಿನ ತಲೆಯನ್ನು ಹಿಡಿಯಲು ತನ್ನ ಸೊಟ್ಟ ಕಾಲಲ್ಲಿ ಓಡುತ್ತಿದ್ದಳು. ಅಪ್ಪ ಬೇಕೆಂದೇ ನಡಿಗೆ ನಿಧಾನ ಮಾಡುತ್ತಿದ್ದರು. ಕೊನೆಗೆ ಅವಳು ಎರಡೂ ಕಾಲು ಎತ್ತಿ ನೆರಳಿನ ತಲೆಯ ಮೇಲೆ ಧೊಪ್ಪೆಂದು ಹಾರಿದಳು.

"ಅಯ್ಯೋ, ಸತ್ತೆ!"

ಅಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಡುರಸ್ತೆಯಲ್ಲಿ ಕುಕ್ಕರಿಸಿದರು. ಹಾಲಿನ ಸೈಕಲ್ಲಿನವನು ನಿಂತು ನೋಡಿ ನಕ್ಕು ಹೋದ. ಪದ್ದಿ ಕೇಕೆ ಹಾಕಿದಳು. ಅಪ್ಪ ಎದ್ದರು, ಮತ್ತೆ ಆಟ ಶುರುವಾಯಿತು. ಅವಳನ್ನು ನಡೆಸಲು ಹೂಡಿದ ಉಪಾಯ ಅದು ಎಂದು ಈಗ ತಿಳಿಯುತ್ತದೆ. ಆಗ ತಿಳಿದದ್ದು ಒಂದೇ. ನನ್ನ ಅಪ್ಪನಿಗೆ ಆಡಲು ಬರುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಕೂತರೂ ಅದನ್ನು ನನಗೆ ಅವರು ತೋರಿಸಿರಲಿಲ್ಲ. ನಾನು ಬಂದದ್ದನ್ನು ಅವರಿಬ್ಬರೂ ನೋಡಲಿಲ್ಲ. ಓಡಿ ನಳಕ್ಕೆ ಬಂದರೆ ನಮ್ಮ ಕೊಡವನ್ನು ಯಾರೋ ಸರದಿಯಿಂದ ಎತ್ತಿ ಗಟಾರದ ಹತ್ತಿರ ಇಟ್ಟಿದ್ದರು. ಅವ್ವನ ಕೈಯಿಂದ ಬೆನ್ನಿಗೆ ಎರಡು ಬಿದ್ದವು.

ಆ ಮಧ್ಯಾಹ್ನ ಪದ್ದಿ ನಡುವಿನ ಕೋಣೆಯಲ್ಲಿ ಒಬ್ಬಳೇ ಆಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಪದ್ದಿ, ಊನ ಅಂದ್ರ ಏನ ಗೊತ್ತೈತಿ?"

"ಬಿಸಿಲ."

"ಅದು ಮರಾಠಿ. ನಾವು ಮರಾಠಿ ಮಂದಿ ಅಲ್ಲ. ನಮ್ಮ ಕನ್ನಡದಾಗ ಊನ ಅಂದ್ರ ಕೆಟ್ಟ ಹೋದದ್ದು. ನಿನ್ನ ಕಾಲ ಕೆಟ್ಟಾವ. ಇಲ್ಲೆ ಮಂದಿ ನೋಡಿ ನಗ್ತಾರ ಅಂತ ಅಪ್ಪ ನಿನ್ನ ಊರ ಹೊರಗ ಒಯ್ತಾರ."

ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು. ಅಳಲಿಲ್ಲ. ಫ್ರಾಕನ್ನು ಎಳೆದು ಮೊಳಕಾಲು ಮುಚ್ಚಿಕೊಂಡಳು. ಹೇಳಿದ ಕೂಡಲೇ ಹೊಟ್ಟೆ ತಣ್ಣಗಾಯಿತು ಎಂದು ಬರೆದರೆ ಅದು ನಿಜ. ನಿಜವನ್ನೇ ಬರೆಯಬೇಕಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕರೆದಾಗ ಪದ್ದಿ ನನ್ನ ಉದ್ದನೆಯ ಪರಕಾರವನ್ನು ತೊಟ್ಟುಕೊಂಡು, ಎರಡೂ ಕೈಯಲ್ಲಿ ಕಂಬ ಹಿಡಿದು ನಿಂತಿದ್ದಳು. ಪರಕಾರ ನೆಲದ ಮೇಲೆ ಎರಡು ಗೇಣು ಹರಡಿತ್ತು. ಬರುವುದಿಲ್ಲ ಎಂದಳು. ಯಾಕೆ ಎಂದು ಅಪ್ಪ ಕೇಳಿದರು. ಓಣಿಯ ಮಕ್ಕಳ ಜೊತೆ ಆಡಿ ಆಡಿ ಅವಳ ಬಾಯಿಗೆ ಮರಾಠಿಯೇ ಮೊದಲು ಬರುತ್ತಿತ್ತು.

"ಮಾಝ್ಯಾ ಪಾಯಾತ ಊನ ಆಹೇ."

ನನ್ನ ಕಾಲಲ್ಲಿ ಊನ ಇದೆ. ಅವಳು ಹೇಳಿದ್ದು ನಾನು ಕಲಿಸಿದ ಕನ್ನಡದ ಊನ, ಅಪ್ಪನಿಗೆ ಕೇಳಿಸಿದ್ದು ಮರಾಠಿಯದು.

"ಹೌದವಾ, ನಿನ್ನ ಕಾಲಾಗ ಬಿಸಿಲ ತುಂಬೇತಿ!" ಎಂದು ಅಪ್ಪ ಹಿಗ್ಗಿ ಎತ್ತಿಕೊಳ್ಳಲು ಹೋದರು. ಅವಳು ಚೀರಿದಳು. ಅವರು ನಕ್ಕಷ್ಟೂ ಚೀರಿದಳು. ಅವಳು ಯಾವ ಅರ್ಥದಲ್ಲಿ ಹೇಳಿದಳೆಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಎರಡು ದಿನ ನೋಡಿ ಅಪ್ಪ ನನ್ನನ್ನು ಕರೆದರು. ನಳದಲ್ಲಿ ಕೊಡ ಕಾಯಲು ಅವ್ವ ಪಕ್ಕದ ಮನೆಯವರಿಗೆ ಹೇಳಿದಳು. ಆಯಿಗೆ ಬಿಸಿಲು ಹೇಳಲು ಮನೆಯ ಮಗುವೇ ಬೇಕಿತ್ತು, ಅದು ರೂಢಿಯಾಗಿಬಿಟ್ಟಿತ್ತು. ಅತ್ತೂ ಕರೆದೂ ಔತಣ ಮಾಡಿಸಿಕೊಂಡ ಹಾಗೆ ನಾನು ಹೊರಟೆ. ಅಪ್ಪ ಬಿರಬಿರನೆ ನಡೆದರು. ನೆಟ್ಟಗಿನ ಕಾಲಿನವಳಿಗೆ ಯಾಕೆ ಕಾಯಬೇಕು? ತಿರುಗಿ ಬರುವಾಗ ನೆರಳು ಮುಂದೆ ಬಿತ್ತು. ನಾನು ಓಡಿ ಹೋಗಿ ಅದರ ತಲೆಯ ಮೇಲೆ ಹಾರಿದೆ.

"ಚಪ್ಪಲ ಹರೀತಾವ. ಸುಮ್ನ ನಡಿ," ಎಂದರು ಅಪ್ಪ. ಸ್ವಲ್ಪ ದೂರ ಹೋದ ಮೇಲೆ, "ಪದ್ದಿ ಯಾಕ ಬರವಲ್ಲಳು? ನಿನ್ನ ಮುಂದ ಏನರ ಅಂದಾಳೇನು?" ಎಂದು ಕೇಳಿದರು.

"ಇಲ್ರಿ."

ಮನೆಗೆ ಬಂದು ಹೊಸ್ತಿಲಲ್ಲಿ ನಿಂತು ಬಿಸಿಲು ಬಂತು ಎಂದೆ. ಆಯಿ ಮೊದಲ ಬಸಿ ಕೊಟ್ಟಳು. ಅಷ್ಟು ದಿನ ಕನಸಿನಲ್ಲಿ ಕಂಡ ಚಹಾವನ್ನು ಅಂದು ಅರ್ಧ ಕುಡಿದು ಬಸಿ ತಿರುಗಿ ಕೊಟ್ಟೆ.

ಆ ಮಧ್ಯಾಹ್ನ ಎಳ್ಳೆಣ್ಣೆ ತಿಕ್ಕುವಾಗ ಪದ್ದಿ ಆಯಿಯ ಮುಂದೆ ಎಲ್ಲ ಹೇಳಿಬಿಟ್ಟಳು. ಆಯಿ ನನ್ನನ್ನು ಬೈಯಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಮರುದಿನ ನಾನು ಬಂದು ಹೇಳಿದಾಗ ಚಹಾದ ಕಪ್ಪಿನ ಮೇಲೆ ಬಸಿ ಮುಚ್ಚಿ ಆಚೆ ಸರಿಸಿದಳು.

"ನೀ ಹೇಳಿದ ಬಿಸಿಲ ನನಗ ಬ್ಯಾಡವಾ."

ಮೆಲ್ಲಗೆ, ನನಗೊಬ್ಬಳಿಗೇ ಕೇಳುವಷ್ಟು ಮಾತ್ರ ಹೇಳಿದಳು. ಆಮೇಲೆ ಹನ್ನೊಂದರ ತನಕ, ಹೊಸ್ತಿಲಿಗೆ ತಾನಾಗಿ ಬಿಸಿಲು ಬೀಳುವ ತನಕ, ಬಾಯಿಗೆ ನೀರು ಹಾಕಲಿಲ್ಲ. ಕಾರ್ಖಾನೆಗೆ ಹೊರಡುವ ಗಡಿಬಿಡಿಯಲ್ಲಿ ಅಪ್ಪ ಅದನ್ನು ಗಮನಿಸಲಿಲ್ಲ. ವಯಸ್ಸಾದವರ ವ್ರತ ಎಂದು ಅವ್ವ ಸುಮ್ಮನಾದಳು. ನನ್ನ ಶಾಲೆ ಹನ್ನೊಂದೂವರೆಗೆ, ಹೀಗಾಗಿ ಎಲ್ಲವನ್ನೂ ನಾನು ಕೂತು ನೋಡಬೇಕಾಯಿತು. ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಆಯಿಯ ತುಟಿ ಒಡೆದಿತ್ತು, ಏಳುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದಳು. ಅವಳು ಸತ್ತರೆ ಕೊಂದವಳು ನಾನೇ ಎಂದು ನನಗೆ ಖಾತ್ರಿಯಾಯಿತು. ಶಾಲೆಗೆ ಹೋಗುವ ಮುಂಚೆ ಪದ್ದಿಯನ್ನು ನಡುವಿನ ಕೋಣೆಗೆ ಎಳೆದುಕೊಂಡು ಹೋದೆ. ಸುಳ್ಳು ಹೇಳಿದೆ, ಕ್ಷಮಿಸು ಎನ್ನಬೇಕೆಂದಿದ್ದೆ. ಹಟಮಾರಿ ಬಾಯಿಗೆ ಅದು ಬರಲಿಲ್ಲ.

"ಪದ್ದಿ, ನನಗೂ ಊನ ಐತಿ."

ಅವಳು ನನ್ನ ಕಾಲು ನೋಡಿದಳು. "ಎಲ್ಲೈತಿ?"

"ಹೊಟ್ಟ್ಯಾಗ. ಹೊರಗ ಕಾಣಂಗಿಲ್ಲ."

ಪದ್ದಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಡಾಕ್ಟರು ಅವಳ ಕಾಲು ಒತ್ತಿದ ಹಾಗೆ ಒತ್ತಿ ನೋಡಿದಳು.

"ನೋಸತೈತೇನು?"

"ಹೂಂ, ಭಾಳ." ಆಗ ನನಗೆ ಅಳು ಬಂದೇ ಬಂತು.

"ಹಂಗಾರ ನೀನೂ ಬಿಸಿಲಿಗೆ ಬಾ," ಎಂದಳು ಅವಳು. "ಅಪ್ಪಗ ನಾ ಹೇಳ್ತೇನಿ."

ಹೇಳಿಯೂ ಹೇಳಿದಳು. ಮರುದಿನ ಬೆಳಿಗ್ಗೆ ಪರಕಾರ ಬಿಚ್ಚಿ ಬಿಸಾಕಿ, ಫ್ರಾಕಿನಲ್ಲಿ ಹೊರಗೆ ಬಂದು ಅಪ್ಪನ ಮುಂದೆ ನಿಂತಳು.

"ಅಕ್ಕಾಗೂ ಊನ ಐತ್ರಿ, ಹೊಟ್ಟ್ಯಾಗ. ಅಕಿನ್ನೂ ಕರ್ಕೊಂಡ ಹೋಗೂಣು."

ಅಪ್ಪ ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. ಒಳಗಿನಿಂದ ಅವ್ವ, "ಆ ಊನ ನನಗ ಯಾವಾಗಿಂದ ಗೊತ್ತೈತಿ," ಎಂದು ಗೊಣಗುತ್ತ ಎರಡೂ ಕೊಡ ತಾನೇ ಎತ್ತಿಕೊಂಡು ನಳಕ್ಕೆ ಹೊರಟಳು. ಅಪ್ಪ ಚಪ್ಪಲಿ ಹಾಕಿಕೋ ಎಂದರು.

ಈಗ ನನಗೆ ನಲವತ್ತನಾಲ್ಕು. ಅಪ್ಪ, ಆಯಿ ಇಬ್ಬರೂ ಇಲ್ಲ. ಹೋದ ವರ್ಷ ಎಲುಬು ನೋವೆಂದು ತೋರಿಸಿದಾಗ, ರಕ್ತ ನೋಡಿದ ಡಾಕ್ಟರು ಬಿಸಿಲು ಸಾಲದು, ಬೆಳಿಗ್ಗೆ ನಡೆಯಿರಿ ಎಂದರು. ನಡೆಯುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ, ಸಿಟ್ಟು ಕಡಿಮೆಯಾಗಿದೆ ಎಂದು ಮನೆಯವರು ಹೇಳುತ್ತಾರೆ. ಪದ್ದಿ ಸಾಂಗಲಿಯಲ್ಲಿದ್ದಾಳೆ, ಕಾಲು ನೆಟ್ಟಗೆ ಕಂಬದ ಹಾಗಿವೆ, ನನಗಿಂತ ಒಂದು ಗೇಣು ಎತ್ತರ. ದಿನಾ ಏಳಕ್ಕೆ ಫೋನು ಮಾಡಿ "ಅಕ್ಕಾ, ಊನ ಹೆಂಗೈತಿ?" ಎನ್ನುತ್ತಾಳೆ. ಯಾವ ಊನ ಎಂದು ನಾನು ಕೇಳುವುದಿಲ್ಲ. ಅದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಅಂದು ಮನೆಗೆ ಬಂದು ಪದ್ದಿಯೂ ನಾನೂ ಒಟ್ಟಿಗೆ ಕೂಗಿದೆವು, ಆಯಿ ಚಹಾ ಕುಡಿದಳು, ಬಸಿ ಇಬ್ಬರ ಬಾಯಿಗೂ ಬಂತು. ಆದರೆ ನನ್ನಲ್ಲಿ ಉಳಿದದ್ದು ಅದಕ್ಕೂ ಮುಂಚಿನದು, ದಾರಿಯಲ್ಲಿ ಆದದ್ದು. ಹೊಲದ ಹತ್ತಿರ ತಿರುಗಿದಾಗ ಅಪ್ಪನ ನೆರಳು ಮುಂದೆ ಉದ್ದಕ್ಕೆ ಬಿತ್ತು. ಪದ್ದಿ ಓಡಿ ಹಾರಿದಳು. ಅಪ್ಪ ತಕ್ಷಣ "ಅಯ್ಯೋ, ಸತ್ತೆ!" ಎಂದು ಕುಕ್ಕರಿಸಿದರು. ಅವರು ಎದ್ದು ನಡೆದ ಮೇಲೆ ಪದ್ದಿ ಬದಿಗೆ ಸರಿದು ನಿಂತಳು.

"ಅಕ್ಕಾ, ಈಗ ನೀ ತುಳಿ!"

ನಾನು ಹಾರಲಿಲ್ಲ. ಹೋಗಿ ನೆರಳಿನ ತಲೆಯ ಮೇಲೆ ಒಂದು ಕಾಲು ಇಟ್ಟು ನಿಂತೆ. ಅಪ್ಪ ನಡೆಯುತ್ತಲೇ ಇದ್ದರು. ನೆರಳು ನನ್ನ ಕಾಲ ಕೆಳಗಿನಿಂದ ಜಾರಿ ಒಂದು ಹೆಜ್ಜೆ ಮುಂದೆ ಹೋಯಿತು, ಇನ್ನೊಂದು ಹೆಜ್ಜೆ ಹೋಯಿತು. ಆಮೇಲೆ ಹಿಂದಿನಿಂದ ಕೇಳಿಸಿತು, "ಅಯ್ಯೋ, ಸತ್ತೆ."

ಪದ್ದಿ ತುಳಿದರೆ ಅಪ್ಪ ಕೂಡಲೇ ಸಾಯುತ್ತಿದ್ದರು. ನನಗೆ ಎರಡು ಹೆಜ್ಜೆ ತಡವಾಗಿ ಸತ್ತರು.